ಒಂದೇ ತೂತಿನ ವಂಶ

ದಬ್ಬಳದಮ್ಮನ ಮುತ್ತಜ್ಜ ಹತ್ತಿ ಹಿಂಜುವವನಾಗಿದ್ದ. ಅವನು ಹಿಂಜುವ ಬಿಲ್ಲಿನ ತಂತಿ ಮಿಡಿದರೆ ಬೀದಿಯ ಆ ತುದಿಯಲ್ಲಿ ಮಲಗಿದ್ದ ಕೂಸೂ ಎದ್ದು ಕೂರುತ್ತಿತ್ತಂತೆ. ಮೀಸೆ, ಹುಬ್ಬು, ಕಿವಿಯ ಕೂದಲ ಮೇಲೆಲ್ಲ ಸದಾ ಹತ್ತಿಯ ಎಳೆ ಕೂತಿರುತ್ತಿದ್ದುದರಿಂದ ಎಳೆ ಪ್ರಾಯದಲ್ಲೇ ಅವನಿಗೆ ‘ಬಿಳಿ ಮುದುಕ’ ಎಂಬ ಹೆಸರು ಬಿತ್ತು. ನಿಜವಾಗಿ ಮುದುಕನಾದಾಗ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಅವನ ಸೊಸೆ, ಅಂದರೆ ದಬ್ಬಳದಮ್ಮನ ಅಜ್ಜಿ, ಕಣ್ಣು ಹೋದ ಮೇಲೂ ಹಾಸಿಗೆ ಹೊಲಿದವಳು. ಹೊಲಿದು ಮುಗಿದ ಹಾಸಿಗೆಯ ಮೇಲೆ ಅಂಗೈ ಆಡಿಸಿ, ಒಳಗೆಲ್ಲೋ ಉಳಿದುಕೊಂಡ ಹತ್ತಿಬೀಜವನ್ನು ಹೊರಗಿನಿಂದಲೇ ಬೆರಳಿಟ್ಟು ತೋರಿಸುತ್ತಿದ್ದಳು. ಇದು ಸುಳ್ಳಿರಬೇಕೆಂದು ಒಬ್ಬ ಗಿರಾಕಿ ತನ್ನ ಉಂಗುರವನ್ನು ಹತ್ತಿಯೊಳಗೆ ಬಚ್ಚಿಟ್ಟು ಪರೀಕ್ಷೆಗೆ ನಿಂತ. ಅಜ್ಜಿ ಅದನ್ನು ಹುಡುಕಿ ತೆಗೆದು, ತನ್ನ ಬೆರಳಿಗೆ ಹಾಕಿಕೊಂಡು, “ಕಸ ಸಿಕ್ತು, ತೆಗೆದೆ” ಎಂದಳು. ಆ ಉಂಗುರ ವಾಪಸು ಹೋಯಿತೋ ಇಲ್ಲವೋ ಎಂಬ ಬಗ್ಗೆ ಮನೆಯಲ್ಲಿ ಇಂದಿಗೂ ಎರಡು ಪಕ್ಷ.

ಇನ್ನು ಅಪ್ಪ. ಅವನದು ‘ಒಂದೇ ತೂತಪ್ಪ’ ಎಂಬ ಹೆಸರು. ಹಾಸಿಗೆಯೊಳಗಿನ ಹತ್ತಿ ಒಂದೇ ಕಡೆ ಸರಿದು ರಾಶಿಯಾಗದಿರಲೆಂದು ಅಲ್ಲಲ್ಲಿ ಮೇಲಿನಿಂದ ಕೆಳಕ್ಕೆ ಟಾಕು ಹಾಕುತ್ತಾರಲ್ಲ, ಅದರಲ್ಲಿ ಅವನದು ಎತ್ತಿದ ಕೈ. ಗೋಣಿ ಹೊಲಿಯುವಂಥ ಉದ್ದ ಸೂಜಿ, ಅದೇ ದಬ್ಬಳ, ಹಾಸಿಗೆಯ ಮೇಲಿನಿಂದ ಇಳಿದು, ಕೆಳಗಿನ ಬಟ್ಟೆಯ ಬಿಲ್ಲೆಯನ್ನು ಹಿಡಿದು, ಹೋದ ತೂತಿನಿಂದಲೇ ಮೇಲೆ ಬರಬೇಕು. ಪಕ್ಕದಲ್ಲಿ ಎರಡನೇ ತೂತು ಬಿತ್ತೋ, ಆ ದಿನ ಕೆಲಸಗಾರರಿಗೆ ಊಟ ರುಚಿಸುತ್ತಿರಲಿಲ್ಲ; ಅಪ್ಪ ಅಷ್ಟು ಬೈಯುತ್ತಿದ್ದ. “ಒಳ್ಳೇ ಬಟ್ಟೆಗೆ ಎರಡನೇ ತೂತು ಹಾಕೋ ಕೈ ನನ್ನ ಅಂಗಡೀಲಿ ಬೇಡ” ಎಂದು ಅವನು ಹೇಳಿದ್ದನ್ನು ಕೇಳಿ ಕೇಳಿ ಮಗಳು ಬೆಳೆದಳು. ದೊಡ್ಡವಳಾಗಿ, ಅಪ್ಪನ ದಬ್ಬಳವನ್ನೂ ಅಂಗಡಿಯನ್ನೂ ಬಾಯಿಯನ್ನೂ ತಾನೇ ವಹಿಸಿಕೊಂಡಳು. ದಬ್ಬಳಕ್ಕಿಂತ ನಾಲಿಗೆ ಚೂಪು ಎಂದು ಗಿರಾಕಿಗಳು ಇಟ್ಟ ಹೆಸರೇ ದಬ್ಬಳದಮ್ಮ.

ಅಂಗಡಿ ಇದ್ದುದು ಓಣಿಯ ಮೂಲೆಯಲ್ಲಿ. ಎಡಕ್ಕೆ ಕ್ಷೌರದಂಗಡಿ, ಬಲಕ್ಕೆ ಗೋಡೆ. ಮುಂದಿನ ಕೋಣೆಯಲ್ಲಿ ಹತ್ತಿಯ ರಾಶಿ, ಪಟ್ಟೆಪಟ್ಟೆ ಬಟ್ಟೆಯ ಥಾನುಗಳು, ನೆಲಕ್ಕೆ ಹಾಸಿದ ದಪ್ಪ ಗೋಣಿತಟ್ಟು. ಹಿಂದಿನ ಕೋಣೆಯಲ್ಲಿ ಸಂಸಾರ. ನಡುವೆ ಪರದೆ, ಅದರಲ್ಲಿ ತೂತಿರಲಿಲ್ಲ, ಆದರೂ ಸೊಸೆಗೆ ಆ ಕಡೆಯ ಎಲ್ಲವೂ ಕಾಣುತ್ತಿತ್ತು. ಮಗ ಲಾರಿ ಓಡಿಸುವವನು, ಮನೆಗೆ ಬಂದರೆ ನೆಂಟ. ಹೀಗಾಗಿ ಮನೆಯಲ್ಲಿ ದಿನವೂ ಇರುತ್ತಿದ್ದವರು ಮೂವರು: ದಬ್ಬಳದಮ್ಮ, ಸೊಸೆ ಮತ್ತು ಗಂಡ.

ಗಂಡನಿಗೆ ಅಂಗಡಿಯಲ್ಲಿ ಒಂದು ಹುದ್ದೆ ಇತ್ತು. ಹೊಸ ಹಾಸಿಗೆ ಹೊಲಿದು ಮುಗಿದ ಮೇಲೆ ಅದರ ಮೇಲೆ ಮಲಗಿ, ಚೆನ್ನಾಗಿದೆಯೋ ಇಲ್ಲವೋ ಹೇಳಬೇಕು. ಅವನು ಈ ಕೆಲಸವನ್ನು ಮನಃಪೂರ್ವಕ ಮಾಡುತ್ತಿದ್ದುದರಿಂದ ‘ನಿದ್ದೆರಾಯ’ ಎನಿಸಿಕೊಂಡಿದ್ದ. ಪರೀಕ್ಷೆಗೆಂದೇ ಅವನ ಬಳಿ ಒಂದು ಹಳೆಯ ದಿಂಬು ಇತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ತಲೆಯ ಅಳತೆಗೆ ಪಳಗಿದೆ, ಬೇರೆಯವರ ತಲೆ ತಾಗಿದರೆ ಪರೀಕ್ಷೆ ತಪ್ಪುತ್ತದೆ ಎಂದು ಅವನು ಕಾರಣ ಹೇಳುತ್ತಿದ್ದ.

ಹೀಗಿರುವಾಗ ದಬ್ಬಳದಮ್ಮನಿಗೆ ಸಕ್ಕರೆ ಕಾಯಿಲೆ ಬಂತು. ಮೊದಲು ಮಾತ್ರೆ, ಆಮೇಲೆ ಮಾತ್ರೆ ಸಾಲದೆ ಇನ್ಸುಲಿನ್. ಡಾಕ್ಟರು ಸೂಜಿ ಎಂದಾಗ ಗಂಡನ ಮುಖ ಬಿಳಿಚಿಕೊಂಡಿತು, ಸೊಸೆ ಕುರ್ಚಿ ಹಿಡಿದುಕೊಂಡಳು. ದಬ್ಬಳದಮ್ಮ ಮಾತ್ರ ಇನ್ಸುಲಿನ್ ತುಂಬಿದ ಪೆನ್ನಿನ ತುದಿಗೆ ಸಿಕ್ಕಿಸಿದ ಕೂದಲೆಳೆಯಂಥ ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು.

“ಇದು ಸೂಜಿನಾ ಡಾಕ್ಟ್ರೇ? ಸೊಳ್ಳೆ ಮೂಗಿನ ಹಾಗಿದೆ. ನಾನೇನೋ ನಮ್ಮ ಜಾತಿದು ಅಂದ್ಕೊಂಡಿದ್ದೆ.”

ಹೊಟ್ಟೆಯ ಮೇಲೆ ಎಲ್ಲಿ ಚುಚ್ಚಿಕೊಳ್ಳಬೇಕೆಂದು ಅಲ್ಲಿದ್ದ ಒಬ್ಬ ಹುಡುಗಿ ತೋರಿಸಿಕೊಟ್ಟಳು, ಹೊಕ್ಕುಳಿನ ಎಡಕ್ಕೆ ಒಂದಿಷ್ಟು ದೂರ. ದಿನವೂ ಜಾಗ ಬದಲಾಯಿಸಿ ಎಂದೂ ಹೇಳಿದಳು. ದಬ್ಬಳದಮ್ಮ ತಲೆಯಾಡಿಸಿದಳು. ಆದರೆ ಸೂಜಿಯ ವಿಷಯದಲ್ಲಿ ಬೇರೆಯವರ ಮಾತು ಅವಳ ಕಿವಿಯೊಳಕ್ಕೆ ಇಳಿದ ದಾಖಲೆಯೇ ಇರಲಿಲ್ಲ. ಜಾಗ ಬದಲಾಯಿಸುವುದೆಂದರೆ ಒಳ್ಳೇ ಬಟ್ಟೆಗೆ ಎರಡನೇ ತೂತು. ಒಂದೇ ತೂತಪ್ಪನ ಮಗಳು ಅಂಥ ಕೆಲಸ ಮಾಡುವುದುಂಟೆ? ಹೊಕ್ಕುಳಿನ ಎಡಕ್ಕೆ ತೋರಿಸಿದ ಜಾಗವನ್ನು ಅವಳು ಗುರುತು ಹಿಡಿದುಕೊಂಡಳು. ಬೆಳಿಗ್ಗೆ ಅಲ್ಲಿಗೇ, ಸಂಜೆ ಅಲ್ಲಿಗೇ. ದಿನ ಕಳೆದಂತೆ ಅಲ್ಲಿ ನೋವೇ ಆಗದಂತಾಯಿತು. ದಾರಿ ಪಳಗಿತು ಎಂದು ಅವಳು ಬೀಗಿದಳು. ಪಕ್ಕದ ಕ್ಷೌರಿಕ ತನ್ನ ಕತ್ತಿ ಮಸೆಯುತ್ತ ಇದನ್ನೆಲ್ಲ ಕೇಳಿ, “ಅಕ್ಕಾ, ನಿನ್ನ ಮೈಯಲ್ಲೂ ಒಂದು ಅಂಗಡಿ ಬಾಗಿಲು ತೆಗೆದುಬಿಟ್ಟೆ ಬಿಡು” ಎಂದ. “ಹೂಂ, ನಿನ್ನ ಅಂಗಡಿ ಥರ ಸದಾ ಖಾಲಿ ಅಲ್ಲ, ದಿನಕ್ಕೆರಡು ಸಲ ಗಿರಾಕಿ ಬರ್ತಾನೆ” ಎಂದು ಅವಳು ಅಂದಳು.

ಕಷ್ಟ ಶುರುವಾದದ್ದು ಸಕ್ಕರೆ ಏರತೊಡಗಿದಾಗ.

ಇಲ್ಲಿ ಒಂದು ಹಿಂದಿನ ಮಾತು ಹೇಳಲೇಬೇಕು. ಕಾಯಿಲೆಯ ಮೊದಲ ದಿನಗಳಲ್ಲಿ ದಬ್ಬಳದಮ್ಮ ಸಿಹಿ ಕದ್ದು ತಿಂದು ಸಿಕ್ಕಿಬಿದ್ದವಳು. ಸಿಹಿ ಬಿಸ್ಕತ್ತಿನ ಪೊಟ್ಟಣವನ್ನು ದಿಂಬಿನೊಳಗಿಟ್ಟು, ಬಾಯಿಯನ್ನು ನಾಜೂಕಾಗಿ ಹೊಲಿದು, ಬೇಕಾದಾಗ ನಾಲ್ಕು ಹೊಲಿಗೆ ಬಿಚ್ಚಿ, ತಿಂದು, ಮತ್ತೆ ಹೊಲಿಯುತ್ತಿದ್ದಳು. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ಮನುಷ್ಯರಿಗೆ ಗೊತ್ತಾಗಲೇ ಇಲ್ಲ. ಗುಟ್ಟು ರಟ್ಟು ಮಾಡಿದ್ದು ಇಲಿ. ಅವತ್ತಿನಿಂದ ಸೊಸೆ ಮನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಳು. ಸಕ್ಕರೆ ಡಬ್ಬಿ ಬೀರುವಿನೊಳಗೆ ಸೇರಿತು, ಬೀರುವಿನ ಬೀಗದ ಕೈ ಅವಳ ಸೊಂಟ ಸೇರಿತು. ಮನೆಯಲ್ಲಿ ಎಲ್ಲರಿಗೂ ಸಪ್ಪೆ ಚಹಾ. “ಕಾಯಿಲೆ ಅವಳಿಗಲ್ಲವಾ, ನನಗೆ ಯಾಕಮ್ಮ ಶಿಕ್ಷೆ?” ಎಂದು ಮಾವ ಕೇಳಿದರೆ, “ಸಹವಾಸ ಮಾವ” ಎಂಬುದು ಸೊಸೆಯ ಉತ್ತರ. ಅವಳು ಅಂಗಡಿಯಲ್ಲಿ ಹಾದುಹೋಗುವಾಗಲೆಲ್ಲ ಒಂದೊಂದು ದಿಂಬನ್ನು ಹಿಸುಕಿ ನೋಡುತ್ತಿದ್ದಳು. ಗಿರಾಕಿಗಳು ಇದೂ ಗುಣಮಟ್ಟದ ಪರೀಕ್ಷೆಯೆಂದುಕೊಂಡು ಸಂತೋಷಪಟ್ಟರು.

ದಬ್ಬಳದಮ್ಮನೂ ಆ ಇಲಿಯ ಪ್ರಸಂಗದ ಮೇಲೆ ನಿಜವಾಗಿಯೇ ಬಾಯಿ ಕಟ್ಟಿದಳು. ಅವಳ ಸಂಕಟ ನೋಡಿ: ಕದಿಯುತ್ತಿದ್ದಾಗ ಸಕ್ಕರೆ ಇದ್ದಲ್ಲೇ ಇತ್ತು, ಕದಿಯುವುದನ್ನು ಬಿಟ್ಟ ಮೇಲೆ ಏರಿತು. ಡಾಕ್ಟರು ಇನ್ಸುಲಿನ್ ಏರಿಸಿದರು. ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಮತ್ತೂ ಮೇಲೆ. ಸೊಸೆ ಅತ್ತೆಯ ಮುಖವನ್ನೇ ದಿಟ್ಟಿಸಿದಳು.

“ಅತ್ತೆ, ಹೇಳಿಬಿಡಿ. ಬೈಯಲ್ಲ. ಈ ಸಲ ಎಲ್ಲಿಟ್ಟಿದೀರಿ?”

“ಎಲ್ಲೂ ಇಟ್ಟಿಲ್ಲ ಕಣೇ. ನನ್ನ ದಬ್ಬಳದಾಣೆ.”

“ಹೋದ ಸಲಾನೂ ದಬ್ಬಳದಾಣೆ ಅಂದ್ರಿ. ಇಲಿ ಬಂದು ಸಾಕ್ಷಿ ಹೇಳ್ಬೇಕಾಯ್ತು.”

“ಆಗ ಸುಳ್ಳಾಣೆ. ಈಗ ನಿಜವಾದ ಆಣೆ. ವ್ಯತ್ಯಾಸ ಗೊತ್ತಾಗಲ್ವಾ ನಿನಗೆ?”

ಗೊತ್ತಾಗಲಿಲ್ಲ. ದಬ್ಬಳದಮ್ಮ ಗಂಡನ ಕಡೆ ತಿರುಗಿದರೆ ಅವನು ಕಣ್ಣು ಮುಚ್ಚಿ ಹಾಸಿಗೆ ಪರೀಕ್ಷೆಯಲ್ಲಿದ್ದ. ಸೊಸೆ ಪರದೆಯ ಈಚೆಗೆ ಮಣೆ ತಂದು ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಅತ್ತೆ ಎದ್ದರೆ ಎದ್ದಳು, ಅತ್ತೆ ಕೂತರೆ ಕೂತಳು. ಎಲ್ಲಾ ಕಾವಲಿನ ನಡುವೆಯೂ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಇನ್ನೊಮ್ಮೆ ಔಷಧಿ ಏರಿಸಿ, “ಸೂಜಿ ಸರಿಯಾಗಿ ತಗೋತಿದಾರೋ ಇಲ್ವೋ, ಸ್ವಲ್ಪ ದಿನ ಮನೆಯವರೇ ಕೊಡಿ” ಎಂದರು.

ಆ ಮಾತು ದಬ್ಬಳದಮ್ಮನ ನೆತ್ತಿಗೆ ಹೊಡೆದ ಹಾಗಾಯಿತು. ಕಳ್ಳಿ ಎಂದರೂ ಸಹಿಸಿಯಾಳು, ಅದಕ್ಕೆ ಆಧಾರವಿತ್ತು. ಆದರೆ ಸೂಜಿ ಹಿಡಿಯಲು ಬಾರದವಳು ಎನ್ನುವುದೇ? ಮೂರು ತಲೆಮಾರು ಹತ್ತಿಯಲ್ಲಿ ಹುಟ್ಟಿ ಹತ್ತಿಯಲ್ಲಿ ಬೆಳೆದ ಮನೆಯ ಮಗಳ ಕೈಯಿಂದ ಸೂಜಿ ಕಿತ್ತುಕೊಂಡು, ಗುಂಡಿ ಹೊಲಿಯಲೂ ಬಾರದ ಸೊಸೆಯ ಕೈಗೆ ಕೊಡುವುದೇ? ಮನೆಯ ಅಧಿಕಾರ ಹೋಯಿತು, ಸಕ್ಕರೆ ಹೋಯಿತು, ಈಗ ಸೂಜಿಯೂ ಹೋದರೆ ತಾನು ಈ ಅಂಗಡಿಯಲ್ಲಿ ದಿಂಬಿಗೆ ಸಮಾನ ಎಂದು ಅವಳಿಗೆ ಅನ್ನಿಸಿತು. ಹೇಗಾದರೂ ಮಾಡಿ ಸೂಜಿಯನ್ನು ವಾಪಸು ಪಡೆಯಬೇಕು. ಅವಳಿಗೆ ಅಂದಿನಿಂದ ಬೇಕಿದ್ದುದು ಇದೊಂದೇ.

ಮಾರನೆಯ ಬೆಳಿಗ್ಗೆ ಸೊಸೆ ಪೆನ್ನು ಹಿಡಿದು ಬಂದಳು. ಮುಖ ಗಟ್ಟಿ ಮಾಡಿಕೊಂಡಿದ್ದಳು. ದಬ್ಬಳದಮ್ಮ ತನ್ನ ಮಾಮೂಲಿ ಜಾಗವನ್ನು ತೋರಿಸಿದಳು.

“ಇಲ್ಲಿ ಚುಚ್ಚು. ದಾರಿ ಇದೆ, ತಾನಾಗಿ ಹೋಗುತ್ತೆ.”

“ಅಲ್ಲಿ ಚರ್ಮ ಕಪ್ಪಾಗಿದೆ ಅತ್ತೆ. ಈ ಕಡೆ ಚೆನ್ನಾಗಿದೆ.”

“ಆ ಕಡೆ ಬೇಡ. ಹೇಳಿದ್ದು ಕೇಳು. ಹೊಸ ತೂತು ಮಾಡ್ಬೇಡ.”

“ಅಲ್ಲೇನೋ ಉಪಾಯ ಮಾಡಿಟ್ಟಿದೀರಿ ನೀವು” ಎಂದು ಸೊಸೆ, ಹೊಟ್ಟೆಯ ಬಲಗಡೆ ಚರ್ಮ ಎತ್ತಿ ಹಿಡಿದು, ಕಣ್ಣು ಅರೆಮುಚ್ಚಿ, ಸೂಜಿ ಇಳಿಸಿಬಿಟ್ಟಳು. ದಬ್ಬಳದಮ್ಮ “ಅಪ್ಪಾ” ಎಂದಳು. ನೋವಿಗಲ್ಲ, ಅಪ್ಪನನ್ನು ನೆನೆದು.

ತಿಂಡಿಯಾಯಿತು. ದಬ್ಬಳದಮ್ಮ ಮುಖ ಊದಿಸಿಕೊಂಡು ಅಂಗಡಿಯಲ್ಲಿ ಕೂತು, ಅರ್ಧಕ್ಕೆ ನಿಂತಿದ್ದ ಒಂದು ಹಾಸಿಗೆಯ ಅಂಚು ಹೊಲಿಯತೊಡಗಿದಳು. ಸೊಸೆ ಹಿಂದುಗಡೆ ಬಟ್ಟೆ ಒಗೆಯಲು ಹೋದಳು. ನಿದ್ದೆರಾಯ ಪಕ್ಕದಲ್ಲಿ ತನ್ನ ಹುದ್ದೆಯ ಮೇಲೆ ಮಲಗಿದ್ದ. ಬಿಸಿಲು ಏರಿದ ಹೊತ್ತಿಗೆ ಕ್ಷೌರಿಕ ಎಂದಿನಂತೆ ಬಾಗಿಲಿಗೆ ಒರಗಿ ನಿಂತು, “ಏನಕ್ಕಾ, ಸೂಜಿ ಖಾತೆ ಸೊಸೆಗೆ ವರ್ಗ ಆಯ್ತಂತೆ” ಎಂದ.

ಅದಕ್ಕೆ ಬರಬೇಕಾದ ಬೈಗುಳ ಬರಲಿಲ್ಲ. ದಬ್ಬಳದಮ್ಮ ತಲೆಯೆತ್ತಿ ಅವನನ್ನು ನೋಡಿ, ಮೆಲ್ಲಗೆ, “ಅಪ್ಪಾ, ಬಂದ್ಯಾ?” ಎಂದಳು.

ಕ್ಷೌರಿಕ ನಕ್ಕ. ಅವಳ ತಮಾಷೆ ಎಂದುಕೊಂಡ. “ಬಂದೆ ಮಗಳೇ, ಹೊಲಿಗೆ ಹೇಗಿದೆ ತೋರ್ಸು” ಎಂದು ಒಳಗೆ ಬಂದ. ನೋಡಿದರೆ ಅವಳು ಹಾಸಿಗೆಯ ಅಂಚಿನ ಜೊತೆ ತನ್ನ ರವಿಕೆಯ ಉದ್ದ ತೋಳನ್ನೂ ಸೇರಿಸಿ ಹೊಲಿಯುತ್ತಿದ್ದಳು, ಮಣಿಕಟ್ಟಿನಿಂದ ಮೊಣಕೈವರೆಗೆ, ಒಂದೇ ಸಮನಾದ ಚೆಂದದ ಹೊಲಿಗೆ. ಅವನು ಮತ್ತೂ ಜೋರಾಗಿ ನಕ್ಕ. ಜೀವನವಿಡೀ ಊರನ್ನು ನಗಿಸಿದವರಿಗೆ ಇದೇ ಅಪಾಯ, ಅವರ ಕಷ್ಟವೂ ಆಟದಂತೆ ಕಾಣುತ್ತದೆ.

ನಗು ಕೇಳಿ ನಿದ್ದೆರಾಯ ಒಂದು ಕಣ್ಣು ತೆರೆದ. ಹೆಂಡತಿಯ ಹಣೆಯ ಮೇಲೆ ಬೆವರು ಹನಿಹನಿಯಾಗಿ ನಿಂತಿತ್ತು, ಬೆರಳು ನಡುಗುತ್ತಿದ್ದವು, ದಬ್ಬಳ ಕೈಯಿಂದ ಜಾರಿ ಬಿತ್ತು, ಅವಳು ಎತ್ತಿಕೊಳ್ಳಲಿಲ್ಲ. ನಲವತ್ತು ವರ್ಷಗಳ ಸಂಸಾರದಲ್ಲಿ ಅವಳ ಕೈಯಿಂದ ದಬ್ಬಳ ಬಿದ್ದದ್ದನ್ನು ಅವನು ಕಂಡಿರಲಿಲ್ಲ. ಎರಡನೇ ಕಣ್ಣೂ ತೆರೆಯಿತು. ಮನುಷ್ಯ ಎದ್ದು ನಿಂತ.

“ಏ, ನಗೋದು ನಿಲ್ಲಿಸೋ. ಬೆವರು, ನಡುಕ, ಡಾಕ್ಟ್ರು ಹೇಳಿದ್ದು ಇದೇ, ಸಕ್ಕರೆ ಇಳಿದಿದೆ ಇವಳಿಗೆ. ಏ ಹುಡುಗೀ, ಬೀಗದ ಕೈ ತಗೊಂಡು ಬಾ.”

ಸೊಸೆ ಒದ್ದೆ ಕೈಯಲ್ಲೇ ಓಡಿ ಬಂದಳು. ಸೊಂಟ ತಡಕಿದಳು. ಬೀಗದ ಕೈ ಇಲ್ಲ. ಒಗೆಯುವ ರಾಶಿಯಲ್ಲೋ, ನೆನೆಹಾಕಿದ ಬಟ್ಟೆಯಲ್ಲೋ ಜಾರಿಬಿಟ್ಟಿತ್ತು. ಅವಳು ಬೀರುವಿನ ಬಾಗಿಲನ್ನು ಉಗುರಿನಿಂದ ಕೆರೆಯತೊಡಗಿದಳು.

ಆಗ ನಿದ್ದೆರಾಯ ತನ್ನ ದಿಂಬಿನ ಕಡೆ ನೋಡಿದ. ಅವನ ಮುಖ ನೋಡಿದರೆ ಒಳಗೊಳಗೇ ಒಂದು ಸಾಮ್ರಾಜ್ಯ ಬಿಟ್ಟುಕೊಡುತ್ತಿರುವಂತಿತ್ತು. ಆಮೇಲೆ ಕತ್ತರಿ ಕೈಗೆತ್ತಿಕೊಂಡು, ಯಾರೂ ಮುಟ್ಟಬಾರದ ತನ್ನ ಪರೀಕ್ಷೆಯ ದಿಂಬಿನ ಹೊಟ್ಟೆಯನ್ನು ಒಂದೇ ಸೀಳಿಗೆ ಸೀಳಿದ. ಹತ್ತಿಯ ನಡುವಿನಿಂದ ಒಂದು ಪೊಟ್ಟಣ ಹೊರಬಂತು. ತುಂಬ ಸಕ್ಕರೆ.

ಒಂದು ಲೋಟ ನೀರಿಗೆ ಧಾರಾಳವಾಗಿ ಸುರಿದು ಕಲಕಿ, ಹೆಂಡತಿಯ ಬಾಯಿಗೆ ಹಿಡಿದ. ಅವಳಿಗೆ ಎಚ್ಚರವಿತ್ತು, ನುಂಗುತ್ತಿದ್ದಳು. ಗುಟುಕು ಗುಟುಕಾಗಿ ಕುಡಿದಳು. ಸೊಸೆ ಅತ್ತೆಯ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯುವ ಯಂತ್ರಕ್ಕೆ ಹಾಕಿ ನೋಡಿದರೆ ಅಂಕಿ ಪಾತಾಳದಲ್ಲಿತ್ತು. ಕಾಲು ಗಂಟೆ ಕಾದು ಮತ್ತೆ ನೋಡಿದರು. ಮೇಲೆ ಬರುತ್ತಿತ್ತು. ಜೊತೆಗೆ ದಬ್ಬಳದಮ್ಮನೂ ಮೇಲೆ ಬಂದಳು. ಮೊದಲು ಕ್ಷೌರಿಕನನ್ನು ನೋಡಿ, “ನೀನ್ಯಾಕೋ ಇಲ್ಲಿ?” ಎಂದಳು. ತನ್ನ ತೋಳು ನೋಡಿಕೊಂಡಳು. “ಹೊಲಿಗೆ ಚೆನ್ನಾಗಿದೆ” ಎಂದಳು. ಕೊನೆಗೆ ಸೀಳಿದ ದಿಂಬಿನ ಕಡೆ, ಸಕ್ಕರೆಯ ಪೊಟ್ಟಣದ ಕಡೆ, ಗಂಡನ ಕಡೆ ಸಾಲಾಗಿ ಕಣ್ಣು ಹಾಯಿಸಿದಳು.

“ಓ. ಕಳ್ಳಿ ಅಂತ ಹೆಸರು ನನಗೆ. ದಿಂಬು ನಿಮ್ದು.”

“ಚಹಾಕ್ಕೆ ಕಣೇ” ಎಂದ ಅವನು. “ಸಪ್ಪೆ ಚಹಾ ಕುಡಿದು ನಿದ್ದೆ ಬರ್ತಿರಲಿಲ್ಲ. ಉದ್ಯೋಗದ ಪ್ರಶ್ನೆ.”

ಸೊಸೆ ಒಂದು ಕಡೆ ಅಳುತ್ತ, ಒಂದು ಕಡೆ ಅತ್ತೆಗೆ ತಿನ್ನಲು ಏನಾದರೂ ಹುಡುಕುತ್ತ ಓಡಾಡಿದಳು. ದಬ್ಬಳದಮ್ಮ ತಿಂದು ಬಾಯಿ ಒರೆಸಿಕೊಂಡು ಹೇಳಿದಳು:

“ಅಳ್ಬೇಡ. ಈಗ ಗೊತ್ತಾಯ್ತಲ್ಲ? ನನ್ನ ಜಾಗ ಬಿಟ್ಟು ಬೇರೆ ಕಡೆ ಚುಚ್ಚಿದ್ರೆ ಏನಾಗುತ್ತೆ ಅಂತ. ಎರಡನೇ ತೂತು ಬೇಡ ಅಂತ ಅಪ್ಪ ಸುಮ್ನೆ ಹೇಳಿದ್ದಲ್ಲ. ನಡಿ ಆಸ್ಪತ್ರೆಗೆ. ಅವರ ಬಾಯಿಂದಾನೇ ಕೇಳು.”

ಗೆದ್ದವಳ ಗತ್ತಿನಲ್ಲಿ ಅವಳು ಅದೇ ಮಧ್ಯಾಹ್ನ ಆಸ್ಪತ್ರೆಗೆ ಹೋದಳು, ಹಿಂದೆ ಸೊಸೆ, ಅವಳ ಹಿಂದೆ ದಿಂಬಿಲ್ಲದ ನಿದ್ದೆರಾಯ. ಅಲ್ಲಿ ಸಕ್ಕರೆ ಕಾಯಿಲೆಯವರಿಗೆಂದೇ ಕೂತಿದ್ದ ನರ್ಸಮ್ಮ ದಪ್ಪ ದನಿಯ ಹೆಂಗಸು. ನಡೆದದ್ದನ್ನೆಲ್ಲ ಕೇಳಿ, ದಬ್ಬಳದಮ್ಮ ತೀರ್ಪಿಗೆ ಕಾಯುತ್ತಿದ್ದರೂ ತೀರ್ಪು ಕೊಡದೆ, “ನಿಮ್ಮ ಜಾಗ ಯಾವ್ದು, ತೋರ್ಸಿ” ಎಂದಳು.

“ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?”

“ಹೊಟ್ಟೆ ತೋರ್ಸಿ ಅಂದೆ ಅಮ್ಮ, ಮನಸ್ಸು ತೋರ್ಸಿ ಅನ್ನಲಿಲ್ಲ.”

ದಬ್ಬಳದಮ್ಮನಿಗೆ ಈ ಹೆಂಗಸು ಇಷ್ಟವಾದಳು. ಮಂಚದ ಮೇಲೆ ಮಲಗಿ ಹೊಟ್ಟೆ ತೋರಿಸಿದಳು. ನರ್ಸಮ್ಮ ಬೆರಳಿನಿಂದ ಒಮ್ಮೆ ಒತ್ತಿ ನೋಡಿ, “ಏನು ಕಸುಬು ನಿಮ್ದು?” ಎಂದಳು.

“ಹಾಸಿಗೆ ಹೊಲಿಯೋದು.”

“ಒಳ್ಳೇದಾಯ್ತು. ಕಣ್ಣು ಮುಚ್ಕೊಳ್ಳಿ. ಇದು ಯಾರೋ ಗಿರಾಕಿ ವಾಪಸು ತಂದ ಹಾಸಿಗೆ ಅಂದ್ಕೊಳ್ಳಿ. ಕೈಯಾಡಿಸಿ, ಏನಾಗಿದೆ ಅಂತ ಹೇಳಿ.”

ದಬ್ಬಳದಮ್ಮ ಕಣ್ಣು ಮುಚ್ಚಿದಳು. ಅಜ್ಜಿಯಂತೆ ಅಂಗೈ ಚಪ್ಪಟೆ ಮಾಡಿ, ಬಲದಿಂದ ಎಡಕ್ಕೆ ಸರಿಸಿದಳು. ಬಲಗಡೆ ನಯ. ಹೊಕ್ಕುಳು ದಾಟಿತು. ಕೈ ಅಲ್ಲಿ ನಿಂತಿತು. ಒಂದಿಷ್ಟು ಹಿಂದಕ್ಕೆ ಹೋಯಿತು, ಮತ್ತೆ ಬಂತು. ಪರರ ಹಾಸಿಗೆಯಲ್ಲಿ ಒಂದು ಹತ್ತಿಬೀಜವನ್ನೂ ಬಿಡದ ಬೆರಳಿನ ಕೆಳಗೆ, ಅವಳದೇ ಚರ್ಮದಡಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಒಂದು ಮುದ್ದೆ.

ದಬ್ಬಳದಮ್ಮ ಅದರ ಅಂಚನ್ನು ಬೆರಳಿನಿಂದ ಸುತ್ತಲೂ ಅಳೆದಳು. ಸೊಸೆ ಗಾಬರಿಯಿಂದ ಹತ್ತಿರ ಬಗ್ಗಿದಳು.

“ಗಂಟು ಕಟ್ಟಿದೆ” ಎಂದಳು ದಬ್ಬಳದಮ್ಮ ಕೊನೆಗೆ, ಸಣ್ಣ ದನಿಯಲ್ಲಿ.

“ಯಾರು ಹೊಲಿದಿದ್ದು ಈ ಹಾಸಿಗೆ?”

ನಿದ್ದೆರಾಯ ಸದ್ದಿಲ್ಲದೆ ಹೆಂಡತಿಯ ಕಡೆ ಬೆರಳು ತೋರಿಸಿದ. ಪೊಟ್ಟಣ ಸಿಕ್ಕಿಬಿದ್ದ ಮೇಲೆ ಅವನಿಗೆ ಸಿಕ್ಕ ಮೊದಲ ಸಂತೋಷ ಅದು.

ನರ್ಸಮ್ಮ ಬಿಡಿಸಿ ಹೇಳಿದಳು. ಒಂದೇ ಕಡೆ ಚುಚ್ಚುತ್ತ ಹೋದರೆ ಚರ್ಮದ ಕೆಳಗೆ ಕೊಬ್ಬು ಹೀಗೆ ಮುದ್ದೆಗಟ್ಟುತ್ತದೆ. ಅಲ್ಲಿ ನೋವು ತಿಳಿಯುವುದಿಲ್ಲ, ಅದಕ್ಕೇ ಜನ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ಆದರೆ ಮುದ್ದೆಯೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಒಂದಿಷ್ಟು, ಇನ್ನೊಂದು ದಿನ ಇನ್ನೊಂದಿಷ್ಟು. ಸಕ್ಕರೆ ಏರಿದ್ದು ಕದ್ದು ತಿಂದದ್ದಕ್ಕಲ್ಲ. ಏರಿತೆಂದು ಔಷಧಿ ಏರಿಸಿದರು. ಇವತ್ತು ಸೊಸೆ ಒಳ್ಳೆಯ ಜಾಗಕ್ಕೆ ಕೊಟ್ಟಳು, ಏರಿಸಿದ್ದೆಲ್ಲ ಪೂರ್ತಿ ಒಳಗೆ ಹೋಯಿತು, ಸಕ್ಕರೆ ಕುಸಿಯಿತು.

“ಹಾಗಾದ್ರೆ ತಪ್ಪು ನನ್ದಾ, ಅತ್ತೇದಾ?” ಎಂದು ಸೊಸೆ ಕೇಳಿದಳು.

“ಸೂಜಿ ಸರಿ ಜಾಗಕ್ಕೇ ಹೋಗಿದೆ. ಔಷಧಿ ಲೆಕ್ಕ ಹಾಕಿದ್ದು ಕೆಟ್ಟ ಜಾಗಕ್ಕೆ. ಜಾಗ ಬದಲಾಯಿಸೋ ಮೊದ್ಲು ನಮ್ಮನ್ನ ಕೇಳ್ಬೇಕಿತ್ತು. ಹೊಟ್ಟೆ ಮುಟ್ಟಿ ನೋಡ್ಬೇಕಿತ್ತು ನಾವೂನೂ” ಎಂದು ನರ್ಸಮ್ಮ ಪೆನ್ನನ್ನು ಕೈಗೆ ತೆಗೆದುಕೊಂಡಳು. “ಇರಲಿ. ಸೂಜಿ ಯಾವಾಗ ಬದಲಾಯಿಸ್ತೀರಿ?”

“ಮೊಂಡಾದಾಗ.”

“ಮೊಂಡಾದ ತಕ್ಷಣ ಹೊಸದು ಹಾಕ್ತೀರಿ?”

“ತಕ್ಷಣ ಎಲ್ಲಿ? ಮಸೆಯೋ ಕಲ್ಲಿದೆಯಲ್ಲ ಅಂಗಡೀಲಿ. ನಾಜೂಕಾಗಿ ಎರಡು ಸಲ ಎಳೆದ್ರೆ…”

ನರ್ಸಮ್ಮ ಕುರ್ಚಿಯ ಮೇಲೆ ಕೂತುಬಿಟ್ಟಳು. ನೀರು ಕೇಳಿದಳು. ಕುಡಿದು, ಪ್ರತಿ ಸಲಕ್ಕೂ ಹೊಸ ಸೂಜಿ ಎಂಬುದನ್ನು ಸೊಸೆಗೆ, ಮಾವನಿಗೆ, ಅತ್ತೆಗೆ ಬೇರೆ ಬೇರೆಯಾಗಿ ಹೇಳಿಸಿ ಒಪ್ಪಿಸಿಕೊಂಡಳು. ಬಳಸಿದ ಸೂಜಿಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮುಚ್ಚಬೇಕು ಎಂದಾಗ ಮಾತ್ರ ದಬ್ಬಳದಮ್ಮ ತಲೆಯೆತ್ತಿ, “ಅದನ್ನ ನನಗೆ ಹೇಳ್ಬೇಡಿ. ಹತ್ತಿ ಅಂಗಡೀಲಿ ಸೂಜಿ ಕಳೆಯೋದು ಅಂದ್ರೆ ಏನು ಅಂತ ನಿಮಗಿಂತ ನನಗೆ ಗೊತ್ತು” ಎಂದಳು. ಅಷ್ಟಾದರೂ ಮಾನ ಉಳಿಯಿತು. ಸಕ್ಕರೆ ಇಳಿದು ಎಚ್ಚರ ತಪ್ಪಿದರೆ ಬಾಯಿಗೆ ಏನೂ ಸುರಿಯದೆ ಆಸ್ಪತ್ರೆಗೆ ಓಡಿಬರಬೇಕೆಂದು ನರ್ಸಮ್ಮ ನಿದ್ದೆರಾಯನಿಗೆ ಹೇಳಿದಳು. ಅವನು ಎರಡು ಸಲ ತಲೆಯಾಡಿಸಿದ. ಡಾಕ್ಟರು ಬಂದು, ತಾವೂ ಗಂಟು ಮುಟ್ಟಿ ನೋಡಿ, ಔಷಧಿಯನ್ನು ಅಲ್ಲಿಯೇ ಇಳಿಸಿದರು. ಇನ್ನು ಸ್ವಲ್ಪ ಕಾಲ ಮೇಲಿಂದ ಮೇಲೆ ರಕ್ತ ಪರೀಕ್ಷೆ ಮಾಡುತ್ತಿರಿ, ನೀವೇ ಏರಿಸುವುದು ಇಳಿಸುವುದು ಬೇಡ, ನಮಗೆ ಹೇಳಿ ಎಂದರು. ಗಂಟು ಇರುವ ಕಡೆ ಸೂಜಿ ತಾಗಿಸಲೇಬಾರದು, ಅದು ತಾನಾಗಿ ಕರಗಲು ತಿಂಗಳುಗಟ್ಟಲೆ ಬೇಕು.

ಮನೆಗೆ ಬರುವಾಗ ದಬ್ಬಳದಮ್ಮ ದಾರಿಯುದ್ದಕ್ಕೂ ಅಪ್ಪನ ಜೊತೆ ಜಗಳವಾಡಿದಳು. ಸತ್ತವರ ಜೊತೆ ಜಗಳದಲ್ಲಿ ಒಂದು ಅನುಕೂಲ, ಎರಡೂ ಕಡೆಯ ಮಾತು ನಾವೇ ಆಡಬಹುದು. ಅಂಗಡಿಗೆ ಬಂದವಳು ನೇರ ಹೋಗಿ, ಅಪ್ಪನೇ ಹೊಲಿದಿದ್ದ ಹಳೆಯ ಹಾಸಿಗೆಯ ಮುಂದೆ ಕೂತಳು. ಅದರ ಮೇಲೆ ಕೈಯಾಡಿಸಿದಳು. ಟಾಕು, ಆಮೇಲೆ ಒಂದು ಗೇಣು ಜಾಗ, ಮತ್ತೊಂದು ಟಾಕು, ಮತ್ತೆ ಒಂದು ಗೇಣು. ಸಾಲಿನ ಕೆಳಗೆ ಸಾಲು. ಎಲ್ಲೂ ಒಂದರ ಮೇಲೊಂದಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಒಬ್ಬಳೇ ನಗತೊಡಗಿದಳು. ಕ್ಷೌರಿಕ ಬಾಗಿಲಲ್ಲಿ ತಲೆ ಹಾಕಿ, ಈ ಸಲ ನಗದೆ, “ಅಕ್ಕಾ, ಸಕ್ಕರೆ ನೋಡ್ಲಾ?” ಎಂದ.

“ಬೇಡ ಬಾರೋ. ಇದು ನಿಜವಾದ ನಗು. ಅಪ್ಪ ಏನಂದಿದ್ದ? ಒಂದು ಟಾಕಿಗೆ ಒಂದು ತೂತು ಅಂದಿದ್ದ. ಎಲ್ಲಾ ಟಾಕೂ ಒಂದೇ ತೂತಿಗೆ ಹಾಕು ಅಂತ ಎಲ್ಲಂದಿದ್ದ? ಹಾಗೆ ಹಾಕಿದ್ರೆ ಹಾಸಿಗೆ ನಡುವೆ ಗಂಟಾಗಿ ಮಲಗಿದವನ ಬೆನ್ನು ಮುರೀತಿತ್ತು. ಕಿವಿ ಇತ್ತು ನನಗೆ, ಅರ್ಧ ಕೇಳಿಸ್ಕೊಂಡೆ.”

“ಅಂದ್ರೆ ನಿನ್ನ ಅಪ್ಪ ಬುದ್ಧಿವಂತ, ನೀನು…”

“ಪೂರ್ತಿ ಮಾಡಿದ್ರೆ ನಾಳೆಯಿಂದ ನೀನು ನೆಲದ ಮೇಲೆ ಮಲಗ್ಬೇಕಾಗುತ್ತೆ.”

ಅವತ್ತಿನಿಂದ ಅವಳ ಮೈ ಒಂದು ಹಾಸಿಗೆಯಾಯಿತು. ಹೊಟ್ಟೆಯ ಬಲಗಡೆ ಒಂದು ಸಾಲು, ಒಂದು ಟಾಕಿನಿಂದ ಇನ್ನೊಂದಕ್ಕೆ ಒಂದು ಬೆರಳಿನ ಅಂತರ. ಆ ಸಾಲು ಮುಗಿದರೆ ತೊಡೆ. ಅದಕ್ಕೂ ಒಂದು ಸರದಿ. ಎಡಗಡೆಯ ಗಂಟಿಗೆ ರಜೆ. ಬಿಸಿಲು ಬೀಳದ ಮೂಲೆಯಲ್ಲಿ ಪೆನ್ನು, ಅದರ ಪಕ್ಕದಲ್ಲಿ ಹೊಸ ಸೂಜಿಗಳು, ಅದರ ಪಕ್ಕದಲ್ಲಿ ಹಳೆಯ ಸೂಜಿಗಳ ತಗಡಿನ ಡಬ್ಬಿ. ಮಸೆಯುವ ಕಲ್ಲನ್ನು ಸೊಸೆ ಬೀರುವಿಗೆ ಸೇರಿಸಿದಳು, ಸಕ್ಕರೆ ಇದ್ದ ಜಾಗಕ್ಕೆ. ಸಕ್ಕರೆ ಡಬ್ಬಿ ಹೊರಗೆ ಬಂದು ಎಲ್ಲರ ಕೈಗೆ ಸಿಗುವ ಗೂಡಿನಲ್ಲಿ ಕೂತಿತು. ನಿದ್ದೆರಾಯನ ದಿಂಬನ್ನು ದಬ್ಬಳದಮ್ಮನೇ ಹೊಲಿದುಕೊಟ್ಟಳು, ಒಳಗೆ ಒಂದು ಸಣ್ಣ ಜೇಬು ಇಟ್ಟು. ಅದರಲ್ಲಿ ಒಂದು ಪೊಟ್ಟಣ ಸಕ್ಕರೆ, ಈಗ ಕಾನೂನುಬದ್ಧ. ಆದರೆ ಅದರಿಂದ ಚಹಾಕ್ಕೆ ತೆಗೆಯುವಂತಿರಲಿಲ್ಲ. ತೆಗೆದನೋ ಇಲ್ಲವೋ, ತಿಂಗಳಿಗೊಮ್ಮೆ ಪೊಟ್ಟಣ ಹೊಸದಾಗಿರುತ್ತಿತ್ತು.

ಚುಚ್ಚುವ ಕೆಲಸ ಮಾತ್ರ ಇನ್ನೂ ಸೊಸೆಯ ಕೈಯಲ್ಲೇ ಇತ್ತು. ಡಾಕ್ಟರ ಮಾತು ಡಾಕ್ಟರ ಮಾತೇ. ದಬ್ಬಳದಮ್ಮ ಯಾವ ಜಾಗ ಎಂದು ಬೆರಳಿಟ್ಟು ತೋರಿಸುವುದು, ಸೊಸೆ ಚುಚ್ಚುವುದು. ಹಲ್ಲು ಕಚ್ಚಿಕೊಂಡು ಅವಳು ಇದನ್ನು ಸಹಿಸಿದಳು. ಮುಂದಿನ ಪರೀಕ್ಷೆಯ ಕಾಗದ ಕೈಗೆ ಬಂದಾಗ ಸಕ್ಕರೆ ಇಳಿದಿತ್ತು, ಅದೂ ಕಡಿಮೆ ಔಷಧಿಗೆ. ಡಾಕ್ಟರು ಇನ್ನು ಯಾರು ಬೇಕಾದರೂ ಕೊಡಬಹುದು ಎಂದರು. ನರ್ಸಮ್ಮ, “ಇವರಿಗೇ ಕೊಡಿ, ಇಲ್ದಿದ್ರೆ ನಿಮ್ಮನ್ನ ಬಿಡಲ್ಲ” ಎಂದು ಸೊಸೆಗೆ ಕಣ್ಣು ಹೊಡೆದಳು.

ಮರುದಿನ ಬೆಳಿಗ್ಗೆ ದಬ್ಬಳದಮ್ಮ ಎದ್ದು ಬರುವಷ್ಟರಲ್ಲಿ ಸೊಸೆ ಪೆನ್ನಿಗೆ ಹೊಸ ಸೂಜಿ ಸಿಕ್ಕಿಸಿಕೊಂಡು ಕಾಯುತ್ತಿದ್ದಳು. ಅಭ್ಯಾಸವೋ, ಆವತ್ತಿನ ಭಯ ಇನ್ನೂ ಹೋಗಿರಲಿಲ್ಲವೋ. ಚುಚ್ಚುವಾಗ ಈಗ ಅವಳು ಕಣ್ಣು ಮುಚ್ಚುತ್ತಿರಲಿಲ್ಲ.

“ಅತ್ತೆ, ನಿಮಗೆ ಬಗ್ಗಿ ನೋಡ್ಕೊಳ್ಳೋದು ಕಷ್ಟ. ತೊಡೆಯ ಸರದಿ ಇವತ್ತು. ನಾನೇ ಕೊಡ್ತೀನಿ, ನನಗೇನು ಭಾರ ಇಲ್ಲ. ಇನ್ಮೇಲೂ ನಾನೇ ಕೊಡ್ತೀನಿ.”

ದಬ್ಬಳದಮ್ಮ ಅವಳ ಮುಖ ನೋಡಿದಳು. ಕೈ ಚಾಚಿದಳು.

“ಇಲ್ಲಿ ಕೊಡು. ನೀನು ಒಳ್ಳೇ ಹುಡುಗಿ, ಅದು ನನಗೆ ಗೊತ್ತು, ಆದರೆ ನಿನ್ನ ಮುಂದೆ ಇನ್ನೊಂದು ಸಲ ಹೇಳಲ್ಲ. ಸಕ್ಕರೆ ಎಷ್ಟಿದೆ ಅಂತ ನೀನು ನೋಡು, ಬೇಡ ಅನ್ನಲ್ಲ. ನಾನು ನಿನ್ನ ಮಾವನ್ನ ನೋಡಿ ಅಪ್ಪಾ ಅಂತ ಕರೆದ್ರೆ ಬಾಯಿಗೆ ಸಕ್ಕರೆ ನೀರು ಹಿಡಿ, ಅದನ್ನೂ ಬೇಡ ಅನ್ನಲ್ಲ. ಸೂಜಿ ಮಾತ್ರ ಬಿಡು. ಈ ಹಾಸಿಗೆ ಕೆಡಿಸಿದವಳು ನಾನು, ಗಂಟು ಕಟ್ಟಿಸಿದವಳೂ ನಾನು, ರಿಪೇರಿಗೆ ಹೊರಗಿನವರನ್ನ ಕರೆದು ನಮ್ಮ ವಂಶಕ್ಕೆ ಅಭ್ಯಾಸ ಇಲ್ಲ. ಹೋಗು, ತಟ್ಟೆ ಹಾಕು, ತಿಂಡಿ ಆರೋದ್ರೊಳಗೆ ಚುಚ್ಕೊಂಡು ಬಂದೆ.”